ಮೂರು ದರಪತ್ರಗಳು, ಒಂದು ತಕ್ಕಡಿ

(ರಿಗ್ಗೈಯಲ್ಲಿ ಕೂಟದ ಸದಸ್ಯರ ಸಮ್ಮುಖದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಇಂತಹ ವೇದಿಕೆಗೆ ಬರುವ ಅತಿಥಿಗಳು ಸಾಹಿತ್ಯದ ಕುರಿತೋ ಸಂಸ್ಕೃತಿಯ ಕುರಿತೋ ಮಾತನಾಡುವುದು ರೂಢಿ. ನಾನು ಆರಿಸಿಕೊಂಡಿರುವ ವಿಷಯ ಅಷ್ಟು ರಸವತ್ತಾದುದಲ್ಲ. ಊರಿನಲ್ಲಿ ಮನೆ ಕಟ್ಟಿಸುವಾಗ ಗುತ್ತಿಗೆದಾರರು ಕೊಡುವ ದರಪತ್ರಗಳನ್ನು ಹೇಗೆ ತುಲನೆ ಮಾಡಬೇಕು ಎಂಬುದೇ ಇಂದಿನ ವಿಷಯ. ಆದರೆ ಈ ಸಭೆಯಲ್ಲಿ ಕುಳಿತವರಲ್ಲಿ ಮನೆ ಕಟ್ಟಿಸಿದವರು, ಕಟ್ಟಿಸುತ್ತಿರುವವರು, ಕಟ್ಟಿಸಬೇಕೆಂದಿರುವವರು ಎಂಬ ಮೂರು ವರ್ಗಗಳಲ್ಲಿ ಒಂದಕ್ಕೂ ಸೇರದವರು ವಿರಳವೆಂದು ಭಾವಿಸುತ್ತೇನೆ. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಊರಿನಲ್ಲಿಯೇ ಇದ್ದು ಕಟ್ಟಿಸುವವರನ್ನು ಕುರಿತು. ಅರಬ್ಬೀ ಸಮುದ್ರದ ಈಚೆ ಕುಳಿತು ಆಚೆ ದಡದಲ್ಲಿ ಮನೆ ಕಟ್ಟಿಸುವವರ ಪಾಡನ್ನು ಅವರು ಊಹಿಸಿರಲಾರರು.

ಮನೆಗೆ ಹಾಕುವ ಹಣ ಯಾವುದೆಂಬುದನ್ನೊಮ್ಮೆ ಆಲೋಚಿಸೋಣ. ಬಹುಮಂದಿಗೆ ಅದು ತಿಂಗಳ ಸಂಬಳದಲ್ಲಿ ಉಳಿಸಿದ ದಿನಾರುಗಳು. ಕೆಲವರಿಗೆ ಕೆಲಸ ಬಿಟ್ಟು ಹೊರಡುವಾಗ ಕೈಗೆ ಬರುವ ಸೇವಾಂತ್ಯದ ಮೊತ್ತ. ಕುವೈತಿನ 2010ರ 6ನೆಯ ಸಂಖ್ಯೆಯ ಕಾರ್ಮಿಕ ಕಾನೂನಿನ ಪ್ರಕಾರ ತಿಂಗಳ ಸಂಬಳದವರಿಗೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 15 ದಿನಗಳ ವೇತನ, ಆ ಬಳಿಕ ವರ್ಷಕ್ಕೊಂದು ತಿಂಗಳ ವೇತನ. ಇಪ್ಪತ್ತು ವರ್ಷ ದುಡಿದವನ ಲೆಕ್ಕ ಹಾಕಿದರೆ ಹದಿನೇಳೂವರೆ ತಿಂಗಳ ಸಂಬಳ. ಇಪ್ಪತ್ತು ಬೇಸಗೆಗಳ ಬಿಸಿಲಿಗೆ ದೊರೆತ ಆ ಮೊತ್ತವನ್ನು ಯಾರ ಕೈಗೆ ಒಪ್ಪಿಸಬೇಕೆಂಬ ನಿರ್ಣಯವನ್ನು ನಾವು ಮಾಡುವುದು ಹೇಗೆ? ಅನೇಕ ವೇಳೆ ಒಂದು ದೂರವಾಣಿ ಕರೆಯಲ್ಲಿ. “ಚದರಡಿಗೆ ಎಷ್ಟು?” ಎಂಬ ಒಂದೇ ಪ್ರಶ್ನೆಗೆ ಬಂದ ಒಂದೇ ಉತ್ತರದ ಮೇಲೆ.

ಇದರಲ್ಲಿ ಒಂದು ವೈಚಿತ್ರ್ಯವಿದೆ. ಈ ಸಭೆಯಲ್ಲಿರುವ ಎಷ್ಟೋ ಮಂದಿ ಇಲ್ಲಿನ ನಿರ್ಮಾಣ ಸಂಸ್ಥೆಗಳಲ್ಲಿ ಅಂದಾಜುಪಟ್ಟಿ ತಯಾರಿಸುವವರು, ಟೆಂಡರು ಕಾಗದಗಳನ್ನು ಪರಿಶೀಲಿಸುವವರು. ಕುವೈತಿನಲ್ಲಿ ಸಾರ್ವಜನಿಕ ಕಾಮಗಾರಿಗಳ ಟೆಂಡರುಗಳಿಗೆ 1964ರ 37ನೆಯ ಸಂಖ್ಯೆಯ ಕಾನೂನು ಇತ್ತು. ಅದರ ಸ್ಥಾನದಲ್ಲಿ 2016ರ 49ನೆಯ ಸಂಖ್ಯೆಯ ಕಾನೂನು ಬಂದಿತು. ನಮ್ಮ ರಾಜ್ಯದಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವಿದೆ. ಎರಡು ಕಡೆಯೂ ತತ್ತ್ವ ಒಂದೇ. ಮೊದಲು ಕೆಲಸದ ವಿವರ ಎಲ್ಲರಿಗೂ ಒಂದೇ ಆಗಿರಬೇಕು. ಆಮೇಲೆ ಬೆಲೆ ಕೇಳಬೇಕು. ಬೆಲೆ ಕಡಿಮೆಯಿದ್ದರೆ ಸಾಲದು, ಷರತ್ತುಗಳಿಗೂ ಅದು ಒಪ್ಪಬೇಕು. ಕಚೇರಿಯಲ್ಲಿ ಪರರ ಹಣಕ್ಕಾಗಿ ಇಷ್ಟು ಎಚ್ಚರ ವಹಿಸುವ ನಾವು ಸ್ವಂತ ಹಣಕ್ಕೆ ಅದನ್ನು ಅನ್ವಯಿಸುವುದಿಲ್ಲ. ಸರಕಾರದ ವಿಧಿವಿಧಾನಗಳನ್ನೆಲ್ಲ ಮನೆಗೆ ತರಬೇಕೆಂದು ನಾನು ಹೇಳುತ್ತಿಲ್ಲ. ಆ ತತ್ತ್ವವೊಂದನ್ನು ತಂದರೆ ಸಾಕು.

ಮೊದಲು ಕೇಳುವ ಬಗೆ

ಮೂವರು ಗುತ್ತಿಗೆದಾರರು ಮೂರು ಬಗೆಯ ದರಪತ್ರ ಕೊಟ್ಟರೆ ಅದು ಅವರ ದೋಷವಲ್ಲ, ನಾವು ಕೇಳಿದ ಬಗೆಯ ದೋಷ. ಗುತ್ತಿಗೆಯಲ್ಲಿ ಮುಖ್ಯವಾಗಿ ಮೂರು ವಿಧ. ಸಾಮಗ್ರಿಯನ್ನೆಲ್ಲ ಮಾಲೀಕನೇ ಒದಗಿಸಿ, ಕೆಲಸವನ್ನು ಮಾತ್ರ ಮೇಸ್ತ್ರಿಗೆ ಒಪ್ಪಿಸುವುದು ಕೂಲಿ ಗುತ್ತಿಗೆ. ಸಾಮಗ್ರಿಯೂ ಕೆಲಸವೂ ಸೇರಿ ಚದರಡಿಗೆ ಇಷ್ಟು, ಅಥವಾ ಇಡಿಗಂಟಾಗಿ ಇಷ್ಟು ಎನ್ನುವುದು ಎರಡನೆಯದು. ಅಗೆತಕ್ಕೆ ಇಷ್ಟು, ಕೆಂಪುಕಲ್ಲಿನ ಗೋಡೆಗೆ ಇಷ್ಟು, ಕಾಂಕ್ರೀಟಿಗೆ ಇಷ್ಟು, ಗಾರೆಗೆ ಇಷ್ಟು ಎಂದು ಬಾಬುವಾರು ದರ ಹಾಕಿ, ಆದ ಕೆಲಸವನ್ನು ಅಳೆದು ಹಣ ಕೊಡುವುದು ಮೂರನೆಯದು. ಊರಿನಲ್ಲಿ ನಂಬಿಗಸ್ತ ವ್ಯಕ್ತಿಯೊಬ್ಬರು ದಿನನಿತ್ಯ ನಿಂತು ನೋಡಬಲ್ಲವರಾದರೆ ಕೂಲಿ ಗುತ್ತಿಗೆ ಮಿತವ್ಯಯದ್ದು. ಅಳತೆ ತೆಗೆಯಬಲ್ಲ ಇಂಜಿನಿಯರರೊಬ್ಬರನ್ನು ಸಂಭಾವನೆ ಕೊಟ್ಟು ನೇಮಿಸಿದರೆ ಬಾಬುವಾರು ಗುತ್ತಿಗೆ ನ್ಯಾಯವಾದದ್ದು. ಇವೆರಡೂ ಇಲ್ಲದವರು ಇಡಿಗಂಟಿಗೆ ಹೋಗುತ್ತಾರೆ. ಕುವೈತಿನಲ್ಲಿರುವವರಲ್ಲಿ ಹೆಚ್ಚಿನವರ ದಾರಿ ಇದೇ. ಯಾವ ದಾರಿಯಾದರೂ ಆಗಲಿ, ಮೂವರನ್ನೂ ಅದೇ ದಾರಿಯಲ್ಲಿ ಕೇಳಬೇಕು. ಒಬ್ಬನ ಕೂಲಿ ದರವನ್ನು ಇನ್ನೊಬ್ಬನ ಚದರಡಿ ದರದೊಡನೆ ತೂಗುವುದು ಸೇರಿಗೂ ಗಜಕ್ಕೂ ಹೋಲಿಕೆ ಮಾಡಿದಂತೆ.

ಕೇಳುವ ಮುನ್ನ ಮೂರು ಕಾಗದಗಳು ಸಿದ್ಧವಾಗಿರಬೇಕು. ಒಂದು, ಮಂಜೂರಾದ ನಕ್ಷೆ. ಎರಡು, ಕಂಬ, ತೊಲೆ, ತಾರಸಿಗಳ ಕಬ್ಬಿಣದ ವಿವರಗಳುಳ್ಳ ರಚನಾ ನಕ್ಷೆ. ಮೂರು, ಎರಡು ಮೂರು ಪುಟಗಳ ವಿವರಪಟ್ಟಿ. ಸಿಮೆಂಟು ಯಾವ ದರ್ಜೆಯದು, ಕಾಂಕ್ರೀಟಿನ ಬಲವೆಷ್ಟು, ಗೋಡೆ ಕೆಂಪುಕಲ್ಲಿನದೋ ಸಿಮೆಂಟು ಬ್ಲಾಕಿನದೋ, ಬಾಗಿಲು ಯಾವ ಮರದ್ದು, ನೆಲಹಾಸಿನ ಮೂಲಬೆಲೆ ಚದರಡಿಗೆ ಎಷ್ಟು, ಬಣ್ಣ ಎಷ್ಟು ಪದರ, ವಿದ್ಯುತ್ತಿನ ಬಿಂದುಗಳು ಎಷ್ಟು, ಇವೆಲ್ಲ ಅದರಲ್ಲಿರಬೇಕು. ಈ ಮೂರು ಕಾಗದಗಳಿಗೆ ಖರ್ಚಾಗುವ ಹಣವನ್ನು ಉಳಿಸಲು ಹೊರಟವರು ಮುಂದೆ ಅದರ ಹತ್ತರಷ್ಟನ್ನು ತೆತ್ತರೂ ಆಶ್ಚರ್ಯವಿಲ್ಲ.

ಒಂದು ಉದಾಹರಣೆಯ ಲೆಕ್ಕ

ಈಗ ಒಂದು ಲೆಕ್ಕವನ್ನು ನೋಡೋಣ. ಇದರಲ್ಲಿನ ಅಂಕಿಗಳು ವಿವರಣೆಗಾಗಿ ನಾನು ಇಟ್ಟುಕೊಂಡವು. ಯಾವ ಊರಿನ ಮಾರುಕಟ್ಟೆ ದರವೂ ಅಲ್ಲ. ಎರಡು ಸಾವಿರ ಚದರಡಿಯ ಒಂದು ಮನೆ. ಮೊದಲನೆಯವನು ಚದರಡಿಗೆ 2,000 ರೂಪಾಯಿ ಎನ್ನುತ್ತಾನೆ. ಎರಡನೆಯವನು 2,350 ಎನ್ನುತ್ತಾನೆ. ಮೂರನೆಯವನು ಇಡಿಗಂಟು 54 ಲಕ್ಷ ಎನ್ನುತ್ತಾನೆ. ದೂರವಾಣಿಯಲ್ಲಿ ಕೇಳಿದರೆ ಇವು 40 ಲಕ್ಷ, 47 ಲಕ್ಷ ಮತ್ತು 54 ಲಕ್ಷ. ನಿರ್ಣಯ ಸುಲಭವೆಂದು ತೋರುತ್ತದೆ. ಈಗ ದರಪತ್ರಗಳ ಎರಡನೆಯ ಪುಟವನ್ನು ತಿರುವೋಣ.

ಮೊದಲನೆಯವನು ಅಳತೆ ಮಾಡುವುದು ಗೋಡೆಯ ಹೊರಮೈಯಿಂದ. ಮೊಗಸಾಲೆ, ಬಾಲ್ಕನಿ, ಕಾರು ನಿಲ್ಲುವ ಪೋರ್ಟಿಕೋ, ಕಿಟಕಿಯ ಮೇಲಣ ಸಜ್ಜ ಎಲ್ಲವನ್ನೂ ಪೂರ್ಣವಾಗಿ ಹಿಡಿಯುತ್ತಾನೆ. ಹಾಗೆ ಹಿಡಿದರೆ ಅಳತೆ 2,240 ಚದರಡಿ, ಮೊತ್ತ 44,80,000. ಅವನ ದರದಲ್ಲಿ ತೆರಿಗೆ ಸೇರಿಲ್ಲ. ಸಾಮಗ್ರಿಸಹಿತ ಗುತ್ತಿಗೆಗೆ ಸರಕು ಮತ್ತು ಸೇವಾ ತೆರಿಗೆ ಶೇಕಡಾ 18, ಅಂದರೆ 8,06,400. ಒಟ್ಟು 52,86,400. ನೀರಿನ ಸಂಪು ಮತ್ತು ಶೌಚಗುಂಡಿ ಸೇರಿಲ್ಲ. ತೆರಿಗೆಸಹಿತ ಎರಡೂವರೆ ಲಕ್ಷವೆಂದಿಟ್ಟುಕೊಳ್ಳಿ. ಆವರಣದ ಗೋಡೆ ಸೇರಿಲ್ಲ, ಮೂರೂವರೆ ಲಕ್ಷ. ನೆಲಹಾಸಿಗೆ ಅವನು ಹಿಡಿದ ಮೂಲಬೆಲೆ 45 ರೂಪಾಯಿ. ನಿಮ್ಮ ಮನೆಯವರು ಮೆಚ್ಚಿದ್ದು 80 ರೂಪಾಯಿಯದು. 1,900 ಚದರಡಿಗೆ 35 ರೂಪಾಯಿಯಂತೆ ವ್ಯತ್ಯಾಸ 66,500. ಎಲ್ಲ ಕೂಡಿದಾಗ 59,52,900 ರೂಪಾಯಿ.

ಎರಡನೆಯವನು ಬಾಲ್ಕನಿ ಪೋರ್ಟಿಕೋಗಳನ್ನು ಅರ್ಧ ಹಿಡಿಯುತ್ತಾನೆ, ಸಜ್ಜವನ್ನು ಬಿಡುತ್ತಾನೆ. ಅಳತೆ 2,080, ತೆರಿಗೆ, ಸಂಪು, ಶೌಚಗುಂಡಿ ಸೇರಿ 48,88,000. ಆವರಣದ ಗೋಡೆಗೆ ಮೂರೂವರೆ ಲಕ್ಷ. ನೆಲಹಾಸಿಗೆ 60 ರೂಪಾಯಿ ಹಿಡಿದಿದ್ದಾನೆ; ವ್ಯತ್ಯಾಸ 38,000. ಒಟ್ಟು 52,76,000. ಮೂರನೆಯವನದು ಎಲ್ಲ ಸೇರಿ 54 ಲಕ್ಷ. ಕೂಡಿಸಲು ಏನೂ ಇಲ್ಲ.

ಹೀಗೆ ಒಂದೇ ತಕ್ಕಡಿಗೆ ಬಂದಾಗ ಅತ್ಯಂತ ಅಗ್ಗವೆಂದು ಕಂಡವನು ಅತ್ಯಂತ ದುಬಾರಿಯಾದ. ಏಳು ಲಕ್ಷದಷ್ಟು ದೂರವಿದ್ದ ಎರಡನೆಯವನಿಗೂ ಮೂರನೆಯವನಿಗೂ ನಡುವೆ ಈಗ ಉಳಿದದ್ದು 1,24,000 ಮಾತ್ರ. ಮೊದಲನೆಯವನು ಸುಳ್ಳು ಹೇಳಿದನೇ? ಇಲ್ಲ. ಅವನ ಕಾಗದದಲ್ಲಿ ಎಲ್ಲವೂ ಬರೆದಿತ್ತು. ನಾವು ಓದಲಿಲ್ಲ, ಅಷ್ಟೆ.

ಆದುದರಿಂದ ಒಂದು ಹಾಳೆಯಲ್ಲಿ ಮೂರು ಅಂಕಣಗಳನ್ನು ಎಳೆಯಿರಿ. ಎಡಬದಿಯಲ್ಲಿ ಬಾಬುಗಳನ್ನು ಬರೆಯಿರಿ. ಅಗೆತ, ಪಂಚಾಂಗ, ಗೋಡೆ, ಕಾಂಕ್ರೀಟು, ಗಾರೆ, ನೆಲ, ಬಾಗಿಲು, ವಿದ್ಯುತ್ತು, ನಲ್ಲಿ, ಬಣ್ಣ, ಸಂಪು, ಶೌಚಗುಂಡಿ, ಆವರಣ, ಬಾವಿ ಅಥವಾ ಕೊಳವೆಬಾವಿ, ಕಟ್ಟಡಕ್ಕೆ ಬೇಕಾದ ನೀರು ಮತ್ತು ವಿದ್ಯುತ್ತಿನ ಖರ್ಚು, ಕಾರ್ಮಿಕ ಕಲ್ಯಾಣ ಉಪಕರ, ತೆರಿಗೆ. ಯಾವ ಅಂಕಣದಲ್ಲಿ ಯಾವುದು ಖಾಲಿ ಉಳಿಯುತ್ತದೆಯೋ ಅಲ್ಲಿಯೇ ನಾಳಿನ ಜಗಳ ಅಡಗಿದೆ. ಖಾಲಿ ಇದ್ದ ಕಡೆ ಗುತ್ತಿಗೆದಾರನನ್ನೇ ಬರವಣಿಗೆಯಲ್ಲಿ ಕೇಳಿ ತುಂಬಿಸಿ.

ತೆರಿಗೆಯ ವಿಷಯದಲ್ಲಿ ಎರಡು ಮಾತು. ಒಂಟಿ ಮನೆಯ ಶುದ್ಧ ಕೂಲಿ ಗುತ್ತಿಗೆಗೆ ಸರಕು ಮತ್ತು ಸೇವಾ ತೆರಿಗೆಯಿಂದ ವಿನಾಯಿತಿಯಿದೆ. ಸಾಮಗ್ರಿ ಸೇರಿದೊಡನೆ ಆ ವಿನಾಯಿತಿ ಇಲ್ಲ. ಮತ್ತು ಆ ತೆರಿಗೆಯ ನೋಂದಣಿ ಇಲ್ಲದವನು ಅದನ್ನು ವಸೂಲು ಮಾಡುವಂತಿಲ್ಲ. ದರಗಳು ಬದಲಾಗುವುದೂ ಉಂಟು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಮೇಲಣ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಹಾಗೆ ಇಳಿದಾಗ ಲಾಭ ಯಾರಿಗೆ, ಏರಿದಾಗ ಹೊರೆ ಯಾರಿಗೆ ಎಂಬುದನ್ನು ಕರಾರಿನಲ್ಲಿಯೇ ಬರೆದಿಡಬೇಕು.

ಕಣ್ಣಿಗೆ ಕಾಣದ ವ್ಯತ್ಯಾಸಗಳು

ಬಾಬುಗಳು ಸಮನಾದ ಮಾತ್ರಕ್ಕೆ ಗುಣ ಸಮನಾಗುವುದಿಲ್ಲ. ನಮ್ಮ ಕರಾವಳಿಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ಕಾಂಕ್ರೀಟಿಗೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 456ರ 2000ದ ಆವೃತ್ತಿಯು ಪರಿಸರವನ್ನು ಐದು ವರ್ಗಗಳಾಗಿ ವಿಂಗಡಿಸಿ, ಕಬ್ಬಿಣ ಸೇರಿದ ಕಾಂಕ್ರೀಟಿಗೆ ಒಂದೊಂದಕ್ಕೂ ಕನಿಷ್ಠ ಬಲವನ್ನು ನಿಗದಿಪಡಿಸಿತು. ಸೌಮ್ಯ ಪರಿಸರಕ್ಕೆ ಎಂ 20, ಮಧ್ಯಮಕ್ಕೆ ಎಂ 25, ತೀವ್ರಕ್ಕೆ ಎಂ 30. ಎಂ ಅಕ್ಷರದ ಮುಂದಿನ ಅಂಕಿಯು 28 ದಿನ ಕಳೆದ ಕಾಂಕ್ರೀಟಿನ ಘನವೊಂದು ಚದರ ಮಿಲಿಮೀಟರಿಗೆ ಎಷ್ಟು ನ್ಯೂಟನ್ ಒತ್ತಡವನ್ನು ತಾಳಬೇಕೆಂಬುದನ್ನು ಸೂಚಿಸುತ್ತದೆ. ಕಡಲತೀರದ ಗಾಳಿಗೆ ತೆರೆದಿರುವ ಕಾಂಕ್ರೀಟು ತೀವ್ರ ವರ್ಗಕ್ಕೆ ಸೇರುತ್ತದೆ. ಕಬ್ಬಿಣವನ್ನು ಮುಚ್ಚಿರಬೇಕಾದ ಕಾಂಕ್ರೀಟಿನ ಹೊದಿಕೆ ಮಧ್ಯಮ ವರ್ಗದಲ್ಲಿ 30 ಮಿಲಿಮೀಟರ್, ತೀವ್ರ ವರ್ಗದಲ್ಲಿ 45. ಆದುದರಿಂದ ಮಲ್ಪೆಯಲ್ಲೋ ಸುರತ್ಕಲ್ಲಿನಲ್ಲೋ ಸಮುದ್ರ ಕಾಣುವ ಜಾಗದಲ್ಲಿ ಕಟ್ಟುವ ಮನೆಗೆ ಒಬ್ಬನು ಎಂ 20 ಎಂದೂ ಇನ್ನೊಬ್ಬನು ಎಂ 30 ಎಂದೂ ಬರೆದಿದ್ದರೆ ಅವೆರಡು ಒಂದೇ ಮನೆಯ ದರಗಳಲ್ಲ. ಉಪ್ಪಿನ ಗಾಳಿಗೆ ತುಕ್ಕು ಹಿಡಿದ ಕಬ್ಬಿಣ ಉಬ್ಬಿ, ತಾರಸಿಯ ಅಡಿಮೈ ಚಕ್ಕೆ ಚಕ್ಕೆಯಾಗಿ ಉದುರುವಾಗ ಆ ಗುತ್ತಿಗೆದಾರನ ದೂರವಾಣಿ ಸಂಖ್ಯೆಯೂ ಬದಲಾಗಿರುತ್ತದೆ.

ಕಬ್ಬಿಣದ ತೂಕವನ್ನು ಪರೀಕ್ಷಿಸಲು ಒಂದು ಸರಳ ಸೂತ್ರವಿದೆ. ಸರಳಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋಗ್ರಾಂನಲ್ಲಿ ಸಿಗುತ್ತದೆ. 12 ಮಿಲಿಮೀಟರಿನ ಸರಳು ಮೀಟರಿಗೆ ಸುಮಾರು 0.89 ಕಿಲೋ, 12 ಮೀಟರಿನ ಪೂರ್ಣ ಸರಳು ಹತ್ತೂವರೆ ಕಿಲೋಗಿಂತ ತುಸು ಹೆಚ್ಚು. ರಚನಾ ನಕ್ಷೆಯಿಂದ ಒಟ್ಟು ಕಬ್ಬಿಣದ ಲೆಕ್ಕ ತೆಗೆಸಿಟ್ಟುಕೊಂಡರೆ, ದರಪತ್ರದಲ್ಲಿ ಹಿಡಿದ ಕಬ್ಬಿಣ ಅದಕ್ಕಿಂತ ಕಡಿಮೆಯಿದೆಯೇ ಎಂಬುದು ಕೂಡಲೇ ತಿಳಿಯುತ್ತದೆ. ಕಡಿಮೆಯಿದ್ದರೆ ಎರಡೇ ಅರ್ಥ. ಒಂದೋ ನಡುವೆ ಹೆಚ್ಚುವರಿ ಬಿಲ್ಲು ಬರುತ್ತದೆ, ಇಲ್ಲವೇ ಕಬ್ಬಿಣವೇ ಕಡಿಮೆಯಾಗುತ್ತದೆ.

ಬಾಬುವಾರು ಗುತ್ತಿಗೆಯಲ್ಲಿ ಅಳತೆಯ ವಿಧಾನವನ್ನು ಹೆಸರಿಸಬೇಕು. ಅದಕ್ಕೆ ಐ.ಎಸ್. 1200 ಎಂಬ ಮಾನಕವಿದೆ. ಉದಾಹರಣೆಗೆ ಗಾರೆಯ ಅಳತೆಯಲ್ಲಿ ಅರ್ಧ ಚದರ ಮೀಟರಿನವರೆಗಿನ ತೆರವನ್ನು ಕಳೆಯುವುದಿಲ್ಲ. ಅದಕ್ಕಿಂತ ದೊಡ್ಡದಾಗಿ 3 ಚದರ ಮೀಟರಿನೊಳಗಿದ್ದರೆ ಒಂದು ಮುಖಕ್ಕೆ ಮಾತ್ರ ಕಳೆಯುತ್ತಾರೆ. ಇದನ್ನು ಮೊದಲೇ ಒಪ್ಪಿಕೊಳ್ಳದಿದ್ದರೆ ಒಂದೇ ಗೋಡೆಗೆ ಇಬ್ಬರ ಅಳತೆ ಎರಡು ಬಗೆಯಾಗುತ್ತದೆ.

ಇನ್ನು ನೆಲದ ಸಂಗತಿ. ಗಟ್ಟಿ ಮುರಕಲ್ಲಿನ ದಿಣ್ಣೆಯ ಮೇಲೆ ಪಂಚಾಂಗಕ್ಕೆ ಆಗುವ ಖರ್ಚು ಒಂದು. ಮಣ್ಣು ತುಂಬಿಸಿದ ಗದ್ದೆಯಲ್ಲಿ ಆಗುವ ಖರ್ಚು ಇನ್ನೊಂದು. ಅಂತಹ ಗದ್ದೆಗೆ ಭೂಪರಿವರ್ತನೆಯ ನಿಯಮಗಳನ್ನು ಪಾಲಿಸಿರಬೇಕೆಂಬುದು ಬೇರೆ ಮಾತು. ಅಗೆಯುವ ತನಕ ಆಳ ಯಾರಿಗೂ ಖಚಿತವಾಗಿ ತಿಳಿಯದು. ಆದುದರಿಂದ ದರಪತ್ರದಲ್ಲಿ ಇಷ್ಟು ಅಡಿ ಆಳದವರೆಗೆ ಎಂದು ಬರೆಸಿ, ಅದಕ್ಕೆ ಮೀರಿದ ಪ್ರತಿ ಘನ ಮೀಟರಿಗೆ ಎಷ್ಟು ಎಂದು ಮೊದಲೇ ಕೇಳಬೇಕು. ಹೆಚ್ಚುವರಿ ಕೆಲಸಗಳ ದರವನ್ನು ಕೆಲಸ ಸಿಗುವ ಮೊದಲು ಕೇಳಿದರೆ ಒಂದು ಉತ್ತರ. ಗುಂಡಿ ತೋಡಿದ ಮೇಲೆ ಕೇಳಿದರೆ ಇನ್ನೊಂದು ಉತ್ತರ.

ಮಳೆಯ ಮಾತನ್ನೂ ಮರೆಯುವಂತಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡು ನಮ್ಮದು. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಆ ತಿಂಗಳುಗಳಲ್ಲಿ ಮರಳೂ ಕೆಂಪುಕಲ್ಲೂ ಸಿಗುವುದು ದುಸ್ತರ. ದೀಪಾವಳಿಯ ಬಳಿಕ ಪಂಚಾಂಗ ಹಾಕಿ ಮೇ ತಿಂಗಳೊಳಗೆ ತಾರಸಿ ಮುಗಿಸುವೆನೆಂದು ಬರೆದುಕೊಡುವವನಿಗೂ, “ಹನ್ನೆರಡು ತಿಂಗಳು” ಎಂದಷ್ಟೇ ಬರೆಯುವವನಿಗೂ ವ್ಯತ್ಯಾಸವಿದೆ. ಒಂದು ಮಳೆಗಾಲ ತಪ್ಪಿದರೆ ಬಾಡಿಗೆ, ಸಾಲದ ಬಡ್ಡಿ, ಇನ್ನೊಂದು ಬಾರಿಯ ವಿಮಾನದ ಚೀಟಿ ಎಲ್ಲವೂ ಮನೆಯ ಬೆಲೆಗೆ ಸೇರುತ್ತವೆ.

ಹಣ ಕೊಡುವ ಕ್ರಮ

ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಗೆ ಮುಂಗಡದ ವ್ಯವಹಾರಕ್ಕಿಂತ ಉತ್ತಮ ನಿದರ್ಶನವಿಲ್ಲ. ಎರಡು ದರಪತ್ರಗಳ ಮೊತ್ತ ಒಂದೇ ಆಗಿದ್ದರೂ, ಒಬ್ಬನು ಆರಂಭದಲ್ಲಿಯೇ ಶೇಕಡಾ 30 ಕೇಳಿ ಇನ್ನೊಬ್ಬನು ಶೇಕಡಾ 10 ಕೇಳಿದರೆ ಅವು ಸಮಾನವಲ್ಲ. ಕೆಲವರು ಪಂಚಾಂಗ, ಗೋಡೆಗಳಿಗೆ ಹೆಚ್ಚು ದರವನ್ನೂ, ಕೊನೆಯ ಬಣ್ಣ, ಬಾಗಿಲುಗಳಿಗೆ ಕಡಿಮೆ ದರವನ್ನೂ ಹಾಕುತ್ತಾರೆ. ಒಟ್ಟು ಮೊತ್ತ ಆಕರ್ಷಕ. ಆದರೆ ಗೋಡೆ ಏಳುವಷ್ಟರಲ್ಲಿ ಅವರ ಲಾಭ ಅವರ ಕಿಸೆ ಸೇರಿರುತ್ತದೆ. ಮುಂದಿನ ಕೆಲಸದಲ್ಲಿ ಆಸಕ್ತಿ ಉಳಿಯುವುದಿಲ್ಲ. ನಮ್ಮ ರಾಜ್ಯದ ಸರಕಾರಿ ಟೆಂಡರುಗಳಲ್ಲಿ ಇಂತಹ ಅಸಮತೋಲದ ದರ ಕಂಡರೆ ಹೆಚ್ಚುವರಿ ಭದ್ರತಾ ಠೇವಣಿ ಕೇಳುವ ಪದ್ಧತಿಯಿದೆ. ಠೇವಣಿ ಕೇಳುವುದು ನಮಗೆ ಕಷ್ಟವಾದೀತು. ಕಂತುಗಳನ್ನು ಮಾತ್ರ ನಾವೇ ನಿರ್ಧರಿಸಬಹುದು. ಪಂಚಾಂಗ, ಲಿಂಟಲ್, ತಾರಸಿ, ಗಾರೆ, ನೆಲಹಾಸು, ಬಣ್ಣ ಎಂಬ ಆರು ಹಂತಗಳಲ್ಲಿ, ಆದ ಕೆಲಸದ ಮೌಲ್ಯವನ್ನು ಮೀರದಂತೆ ಹಣ ಸಂದಾಯವಾಗಲಿ. ಪ್ರತಿ ಕಂತಿನಲ್ಲಿ ಶೇಕಡಾ 5ನ್ನು ತಡೆಹಿಡಿದು, ಮನೆ ಮುಗಿದ ಮೇಲೆ ಒಂದು ಪೂರ್ಣ ಮಳೆಗಾಲ ಕಳೆದ ಬಳಿಕ ಕೊಡುವ ಕರಾರಿರಲಿ. ತಾರಸಿ ಸೋರುತ್ತದೆಯೋ ಇಲ್ಲವೋ ಎಂಬುದಕ್ಕೆ ಆಷಾಢದ ಮಳೆಗಿಂತ ನಂಬಿಗಸ್ತ ಪರೀಕ್ಷಕ ಬೇರೊಬ್ಬನಿಲ್ಲ.

ತೀರಾ ಕಡಿಮೆಯ ದರದ ಬಗ್ಗೆ ಒಂದು ನೈತಿಕ ಮಾತನ್ನೂ ಹೇಳಬೇಕು. ಮೂವರಲ್ಲಿ ಇಬ್ಬರು ಹತ್ತಿರ ಹತ್ತಿರವಿದ್ದು ಒಬ್ಬನು ಬಹಳ ಕೆಳಗಿದ್ದರೆ, ಆ ಕೊರತೆಯನ್ನು ಯಾರೋ ತುಂಬಲೇಬೇಕು. ಅದು ಸಿಮೆಂಟಿನಲ್ಲಿ ತುಂಬುತ್ತದೆ, ಇಲ್ಲವೇ ಕಾಂಕ್ರೀಟಿಗೆ ಏಳು ಹತ್ತು ದಿನ ನೀರುಣಿಸಬೇಕಾದಲ್ಲಿ ಮೂರೇ ದಿನ ಉಣಿಸುವುದರಲ್ಲಿ ತುಂಬುತ್ತದೆ, ಅದೂ ಇಲ್ಲದಿದ್ದರೆ ಉತ್ತರ ಕರ್ನಾಟಕದಿಂದಲೋ ಉತ್ತರ ಭಾರತದಿಂದಲೋ ಬಂದ ಕೂಲಿಯವರ ಸಂಬಳ ತಡವಾಗುವುದರಲ್ಲಿ ತುಂಬುತ್ತದೆ. ಪರದೇಶದಲ್ಲಿ ದುಡಿಯುವ ನಮಗೆ, ಸಂಬಳ ತಡವಾದರೆ ಏನಾಗುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗೆಯೇ ಒಬ್ಬನ ದರಪತ್ರವನ್ನು ಇನ್ನೊಬ್ಬನಿಗೆ ತೋರಿಸಿ ಇಳಿಸುತ್ತ ಹೋಗುವುದೂ ಸಲ್ಲದು. ಕೇಂದ್ರ ಜಾಗೃತ ಆಯೋಗವು 2007ರಲ್ಲಿ ಸರಕಾರಿ ಟೆಂಡರು ತೆರೆದ ಮೇಲಿನ ಚೌಕಾಸಿಯನ್ನು ಅಪವಾದದ ಸಂದರ್ಭಗಳಿಗೆ, ಅದೂ ಕನಿಷ್ಠ ದರದವನೊಡನೆ ಮಾತ್ರ, ಮಿತಿಗೊಳಿಸಿದ್ದರ ಹಿಂದೆ ಇದೇ ವಿವೇಕವಿದೆ. ಆಯ್ಕೆ ಮಾಡಿದವನೊಡನೆ ಕುಳಿತು, ಬಾಬುವಾರು ಕಾರಣ ಕೊಟ್ಟು ಮಾತನಾಡುವುದು ಬೇರೆ. ಸಂತೆಯ ಹರಾಜು ಬೇರೆ.

ನಿಲುಗಡೆಯ ಕರಾರು

ಈಗ ನಾನು ಹೇಳಲಿರುವುದು ಊರಿನಲ್ಲಿರುವ ಮಾಲೀಕರಿಗಿಂತ ನಿಮಗೆ ಹೆಚ್ಚು ಸಲ್ಲುವ ಮಾತು. 1990ರ ಆಗಸ್ಟ್ 2ರಂದು ಈ ದೇಶದ ಮೇಲೆ ಆಕ್ರಮಣವಾಯಿತು. ಅನಂತರದ ವಾರಗಳಲ್ಲಿ ಸುಮಾರು 1,70,000 ಭಾರತೀಯರು, ಬಹುಪಾಲು ಅಮ್ಮಾನಿನ ಮೂಲಕ, ವಿಮಾನಗಳಲ್ಲಿ ತಾಯ್ನಾಡಿಗೆ ಮರಳಿದರು. ಕೈಯಲ್ಲಿದ್ದ ದಿನಾರು ಕಾಗದವಾಗಿ, ಬ್ಯಾಂಕಿನಲ್ಲಿದ್ದದ್ದು ಕೈಗೆ ಸಿಗದಾದಾಗ, ಊರಿನಲ್ಲಿ ಎದ್ದು ನಿಂತಿದ್ದ ಅರ್ಧ ಗೋಡೆಗಳ ಗತಿಯೇನಾಗಿರಬೇಕು? ಮತ್ತೆ 2020ರ ಮಾರ್ಚ್‌ನಲ್ಲಿ ಸಾಂಕ್ರಾಮಿಕದ ಕಾರಣ ಇಲ್ಲಿನ ವಿಮಾನಗಳು ನಿಂತವು. ಎಷ್ಟೋ ಮಂದಿಯ ಕೆಲಸಗಳೂ ನಿಂತವು. 18ನೆಯ ವಿಧಿಯ ಇಕಾಮಾದ ಮೇಲೆ ಇರುವವರ ಆದಾಯ ಒಂದು ನೌಕರಿಗೆ ಕಟ್ಟಿದ ಆದಾಯ. ನೌಕರಿ ಹೋದರೆ ಕಂತು ನಿಲ್ಲುತ್ತದೆ.

ಆದ್ದರಿಂದ ಮೂರು ದರಪತ್ರಗಳನ್ನು ತೂಗುವಾಗ ಈ ಪ್ರಶ್ನೆಯನ್ನೂ ಕೇಳಿ. “ನಾನು ನಡುವೆ ಕೆಲಸ ನಿಲ್ಲಿಸಬೇಕಾಗಿ ಬಂದರೆ ಹೇಗೆ?” ಯಾವ ಹಂತದಲ್ಲಿ ನಿಲ್ಲಿಸಬಹುದು, ಎಷ್ಟು ದಿನಗಳ ಮುನ್ಸೂಚನೆ ಬೇಕು, ನಿಂತ ಕಟ್ಟಡದ ಸರಳುಗಳಿಗೆ ಸಿಮೆಂಟಿನ ಹಾಲು ಹಚ್ಚಿ ಕಾಪಾಡುವ ಖರ್ಚು ಯಾರದು, ಆರು ತಿಂಗಳ ಬಳಿಕ ಮತ್ತೆ ಆರಂಭಿಸಿದರೆ ಹಳೆಯ ದರವೇ ನಡೆಯುವುದೋ, ಏರಿಕೆಗೆ ಲೆಕ್ಕ ಯಾವುದು. ಈ ಪ್ರಶ್ನೆಗೆ ಸಿಡುಕುವವನೂ ಇದ್ದಾನೆ, ಕುಳಿತು ನಾಲ್ಕು ಸಾಲು ಬರೆದುಕೊಡುವವನೂ ಇದ್ದಾನೆ. ನಮ್ಮ ಉದಾಹರಣೆಯ ಎರಡನೆಯವನು ಬೆಲೆಯೇರಿಕೆಯನ್ನು ಪ್ರತ್ಯೇಕವಾಗಿ ಕೇಳುವವನಾಗಿ, ಮೂರನೆಯವನು ಹನ್ನೆರಡು ತಿಂಗಳು ದರ ಸ್ಥಿರವೆಂದೂ ನಿಲುಗಡೆಗೆ ಒಪ್ಪಿಗೆಯೆಂದೂ ಬರೆದುಕೊಡುವವನಾದರೆ, 1,24,000 ರೂಪಾಯಿ ಹೆಚ್ಚು ಕೊಟ್ಟು ಮೂರನೆಯವನನ್ನು ಆರಿಸುವುದನ್ನು ನಾನು ದುಂದು ಎನ್ನಲಾರೆ. ಅದು ನೆಮ್ಮದಿಗೆ ಕಟ್ಟುವ ವಿಮೆಯ ಕಂತು.

ಕಾಗದಪತ್ರ ಮತ್ತು ಬಂಧುಗಳು

ನಿಮ್ಮ ಪರವಾಗಿ ಊರಿನಲ್ಲಿ ಸಹಿ ಹಾಕುವವರಿಗೆ ಅಧಿಕಾರಪತ್ರ ಬೇಕಾದಲ್ಲಿ, ಎಲ್ಲವನ್ನೂ ಒಪ್ಪಿಸುವ ಸಾಮಾನ್ಯ ಅಧಿಕಾರಪತ್ರಕ್ಕಿಂತ ಈ ಮನೆಯ ಕೆಲಸಕ್ಕೆ ಸೀಮಿತವಾದ ವಿಶೇಷ ಅಧಿಕಾರಪತ್ರ ಕ್ಷೇಮ. ಇಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳುಹಿಸಿದ ಪತ್ರಕ್ಕೆ, ಅದು ಭಾರತ ತಲಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕೆಂಬುದನ್ನು ಮರೆಯಬೇಡಿ. ಗುತ್ತಿಗೆದಾರನೊಡನೆ ಆಗುವ ಕರಾರಿಗೆ ನಕ್ಷೆ, ವಿವರಪಟ್ಟಿ, ನೀವು ಎಳೆದ ಅಂಕಣಗಳ ಹಾಳೆ ಎಲ್ಲವನ್ನೂ ಲಗತ್ತಿಸಿ ಪುಟಪುಟಕ್ಕೂ ಸಹಿ ಹಾಕಿಸಿ. ಗೃಹನಿರ್ಮಾಣವು 1993ರ ತಿದ್ದುಪಡಿಯಿಂದ ಗ್ರಾಹಕ ಕಾನೂನಿನ ಸೇವೆಗಳಲ್ಲಿ ಸೇರಿತು. 2019ರ ಅಧಿನಿಯಮದಲ್ಲಿಯೂ ಹಾಗೆಯೇ ಇದೆ. ವಿಡಿಯೋ ಮೂಲಕ ವಿಚಾರಣೆಗೆ ಹಾಜರಾಗಲು ಅರ್ಜಿ ಸಲ್ಲಿಸುವ ಅವಕಾಶವೂ ಅದರಲ್ಲಿದೆ. ಆದರೆ ಬರವಣಿಗೆ ಇಲ್ಲದವನಿಗೆ ಆಯೋಗವೂ ಏನು ಮಾಡೀತು?

ಬಂಧುಗಳ ವಿಷಯ ಸೂಕ್ಷ್ಮವಾದದ್ದು. ಗುತ್ತಿಗೆದಾರನು ಭಾವನೋ ಚಿಕ್ಕಪ್ಪನ ಮಗನೋ ಆಗಿರುವಾಗ ದರಪತ್ರ ಕೇಳುವುದೇ ಅವಮಾನವೆಂದು ಹಲವರು ಭಾವಿಸುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧ. ಪರಕೀಯನೊಡನೆ ಜಗಳವಾದರೆ ಹೋಗುವುದು ಹಣ. ಭಾವನೊಡನೆ ಜಗಳವಾದರೆ ತಂಗಿ ತವರಿಗೆ ಬರುವುದು ನಿಲ್ಲುತ್ತದೆ. ಬಾಯಿಮಾತಿನ ವ್ಯವಹಾರದಲ್ಲಿ ಇಬ್ಬರ ನೆನಪೂ ಪ್ರಾಮಾಣಿಕವಾಗಿಯೇ ಬೇರೆ ಬೇರೆಯಾಗುತ್ತದೆ. ಕಾಗದವು ಅವಿಶ್ವಾಸದ ಗುರುತಲ್ಲ. ಬಾಂಧವ್ಯವನ್ನು ಲೆಕ್ಕದಿಂದ ಬೇರೆಯಾಗಿಡುವ ಬೇಲಿ. ಹಾಗೆಯೇ ಕೆಲಸವನ್ನು ನೋಡಿಕೊಳ್ಳುವ ತಮ್ಮನನ್ನೋ ವಯಸ್ಸಾದ ತಂದೆಯವರನ್ನೋ ನೆನೆಯಿರಿ. ಗುತ್ತಿಗೆದಾರನು “ಇದು ಕರಾರಿನಲ್ಲಿಲ್ಲ” ಎಂದಾಗ ಅವರ ಕೈಯಲ್ಲಿ ಒಂದು ಕಾಗದವಿರಬೇಕು. ಅದಿಲ್ಲದಿದ್ದರೆ ಗುತ್ತಿಗೆದಾರನ ಮಾತನ್ನೂ ನಿಮ್ಮ ಮಾತನ್ನೂ ಎರಡು ಕಡೆಯಿಂದ ಕೇಳಬೇಕಾದವರು ಅವರೇ.

ಮಿತ್ರರೇ, ಇಷ್ಟನ್ನೆಲ್ಲ ಮಾಡಲು ಎಷ್ಟು ಕಾಲ ಬೇಕು? ವಿವರಪಟ್ಟಿಗೆ ಎರಡು ವಾರ, ದರಪತ್ರಗಳು ಬರಲು ಮೂರು ವಾರ, ತುಲನೆಗೆ ಎರಡು ಶುಕ್ರವಾರಗಳು. ಮುಂದಿನ ರಜೆಯಲ್ಲಿ ಊರಿಗೆ ಹೋಗಿ ಅವಸರವಸರವಾಗಿ ಶಂಕುಸ್ಥಾಪನೆ ಮಾಡುವುದಕ್ಕಿಂತ, ಆ ರಜೆಯಲ್ಲಿ ಮೂವರು ಗುತ್ತಿಗೆದಾರರು ಐದು ವರ್ಷಗಳ ಹಿಂದೆ ಕಟ್ಟಿದ ಒಂದೊಂದು ಮನೆಯನ್ನು ನೋಡಿ ಬನ್ನಿ. ಹೊಸ ಮನೆಯನ್ನು ಗುತ್ತಿಗೆದಾರನು ತೋರಿಸುತ್ತಾನೆ. ಹಳೆಯ ಮನೆಯನ್ನು ನೀವು ಕೇಳಿ ನೋಡಬೇಕು. ಅಲ್ಲಿನ ಗೃಹಿಣಿಯನ್ನು ಎರಡೇ ಪ್ರಶ್ನೆ ಕೇಳಿ. ಮಳೆಗಾಲದಲ್ಲಿ ಎಲ್ಲಿ ತೇವ ಬರುತ್ತದೆ, ಕರೆದರೆ ಅವನು ಬರುತ್ತಾನೆಯೇ ಎಂದು. ಯಾವ ದರಪತ್ರದಲ್ಲಿಯೂ ಕಾಣದ ಉತ್ತರ ಆ ತಾಯಿಯ ಬಾಯಲ್ಲಿ ಸಿಗುತ್ತದೆ.

ನಿಮ್ಮಲ್ಲಿ ಯಾರಾದರೂ ದರಪತ್ರಗಳನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದರೆ, ಊಟದ ಬಳಿಕ ಕುಳಿತು ಅಂಕಣ ಎಳೆಯೋಣ.